ಒಡೆಯನ ಲೆಕ್ಕ, ಮಗನ ನೆನಪು

ಅಮೆರಿಕದಲ್ಲಿರುವ ಮಕ್ಕಳು ರಜೆಗೆಂದು ಬಂದು ಹೋದ ಮೇಲೆ ಅಲ್ಲಿಯ ಚಿಲ್ಲರೆ ನಾಣ್ಯಗಳು ನಮ್ಮಲ್ಲಿ ಅನೇಕರ ಮನೆಯ ಮೇಜಿನ ಖಾನೆಯಲ್ಲಿ ಉಳಿದುಬಿಡುತ್ತವೆ. ಅವುಗಳಲ್ಲಿ ಐದು ಸೆಂಟಿನ ನಾಣ್ಯವೊಂದಿದ್ದರೆ ತೆಗೆದು ನೋಡಿ. ಒಂದು ಮುಖದಲ್ಲಿ ಥಾಮಸ್ ಜೆಫರ್ಸನ್. ಇನ್ನೊಂದು ಮುಖದಲ್ಲಿ ಗುಮ್ಮಟವಿರುವ ಒಂದು ಮನೆ. ವರ್ಜೀನಿಯಾ ರಾಜ್ಯದಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಆ ಮನೆಯ ಹೆಸರು ಮಾಂಟಿಚೆಲೊ. 1938ರಲ್ಲಿ ನಾಣ್ಯದ ಮೇಲೆ ಬಂದ ಆ ಮನೆ, ನಡುವೆ ಒಂದೆರಡು ವರ್ಷ ಬಿಟ್ಟರೆ, ಇಂದಿಗೂ ಅಲ್ಲೇ ಇದೆ. ಚಿತ್ರದಲ್ಲಿ ಮನೆಯ ಮುಂದೆ ಒಂದು ನರಪಿಳ್ಳೆಯೂ ಇಲ್ಲ.

ನಿಜದಲ್ಲಿ ಆ ಮನೆಯ ಸುತ್ತ ಐದು ಸಾವಿರ ಎಕರೆಯ ಬೇಸಾಯವಿತ್ತು. ಮೊದಲು ಹೊಗೆಸೊಪ್ಪು, ಆಮೇಲೆ ಗೋಧಿ. ಉತ್ತವರು, ಕೊಯ್ದವರು, ಅಡಿಗೆ ಮಾಡಿದವರು, ಬಡಗಿಗಳು, ಕಮ್ಮಾರರು, ನೇಯುವವರು ಎಲ್ಲರೂ ಗುಲಾಮರು. ಯಾವ ಕಾಲದಲ್ಲಿ ಎಣಿಸಿದರೂ ಸುಮಾರು 130 ಜನ ಅಲ್ಲಿದ್ದರು. ಜೆಫರ್ಸನ್ನನ ಎಂಬತ್ತಮೂರು ವರ್ಷಗಳ ಬಾಳಿನಲ್ಲಿ ಆತನ ಒಡೆತನಕ್ಕೆ ಸೇರಿದ್ದವರು ಒಟ್ಟು 600ಕ್ಕೂ ಹೆಚ್ಚು. 1776ರಲ್ಲಿ, ಮನುಷ್ಯರೆಲ್ಲ ಸರಿಸಮಾನರಾಗಿ ಹುಟ್ಟಿದವರು ಎಂದು ಜಗತ್ತಿಗೆ ಸಾರಿದ ಘೋಷಣೆಯನ್ನು ಬರೆದ ಕೈ ಈತನದೇ. ಈ ವಿರೋಧಾಭಾಸವನ್ನು ಎತ್ತಿ ತೋರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಬಹಳ ಮಂದಿ ಹಾಗೆ ಮಾಡಿದ್ದಾರೆ. ನಾನು ಇಲ್ಲಿ ನೋಡಬೇಕೆಂದಿರುವುದು ಬೇರೆ. ಆ ತೋಟದ ಜನರ ಬಾಳು ನಮಗೆ ತಿಳಿಯುವುದು ಎರಡು ಬಗೆಯ ಬರಹಗಳಿಂದ. ಒಂದು, ಒಡೆಯ ಬರೆದಿಟ್ಟ ಲೆಕ್ಕ. ಇನ್ನೊಂದು, ಅಲ್ಲಿ ಗುಲಾಮರಾಗಿ ಹುಟ್ಟಿ ಬೆಳೆದವರು ಮುಪ್ಪಿನಲ್ಲಿ ಹೇಳಿದ ನೆನಪು. ಇವೆರಡರಲ್ಲಿ ನಾವು ಯಾವುದನ್ನು ನಂಬುತ್ತೇವೆ, ಏಕೆ ನಂಬುತ್ತೇವೆ ಎಂಬುದು ಪ್ರಶ್ನೆ.

ಲೆಕ್ಕದ ಪುಸ್ತಕವನ್ನು ವಿಮರ್ಶೆಗೆ ಎತ್ತಿಕೊಳ್ಳುವುದುಂಟೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ಈ ಪುಸ್ತಕ ಸಾಮಾನ್ಯದ್ದಲ್ಲ. ಮಾವ ಜಾನ್ ವೇಲ್ಸ್ 1773ರಲ್ಲಿ ತೀರಿಕೊಂಡಾಗ ಹೆಂಡತಿಯ ಪಾಲಾಗಿ ಜೆಫರ್ಸನ್ನನಿಗೆ 11,000 ಎಕರೆ ಭೂಮಿಯೂ 135 ಜನ ಗುಲಾಮರೂ ಬಂದರು. ಮರುವರ್ಷವೇ ಆತ ಒಂದು ಪುಸ್ತಕ ತೆರೆದ. ಕೊನೆಗಾಲದವರೆಗೂ ಅದನ್ನು ಬಿಡಲಿಲ್ಲ. ‘ಫಾರ್ಮ್ ಬುಕ್’ ಎಂದು ಹೆಸರಾದ ಆ ಹಸ್ತಪ್ರತಿ ಈಗ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. 1953ರಲ್ಲಿ ಎಡ್ವಿನ್ ಬೆಟ್ಸ್ ಅದರ ಪಡಿಯಚ್ಚನ್ನು, ತೋಟಕ್ಕೆ ಸಂಬಂಧಿಸಿದ ಪತ್ರಗಳೊಡನೆ, ಪ್ರಕಟಿಸಿದರು.

ಪುಟ ತೆರೆದರೆ ಹೆಸರುಗಳ ಪಟ್ಟಿ. ತಾಯಿಯ ಹೆಸರು, ಅದರ ಕೆಳಗೆ ಮಕ್ಕಳ ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ. ಯಾರಿಗೆ ಎಷ್ಟು ಗಜ ಬಟ್ಟೆ, ಯಾರಿಗೆ ಈ ಸಲ ಕಂಬಳಿ. ಕಂಬಳಿ ಮೂರು ವರ್ಷಕ್ಕೊಂದು. ಬಟ್ಟೆ ವರ್ಷಕ್ಕೆ ಎರಡು ಸಲ, ಬೇಸಗೆಗೊಮ್ಮೆ ಚಳಿಗೊಮ್ಮೆ. ಮೆಕ್ಕೆಜೋಳದ ಹಿಟ್ಟು, ಸ್ವಲ್ಪ ಮಾಂಸ, ಉಪ್ಪುಮೀನು ವಾರದ ಪಡಿ. ಅದೇ ಪುಸ್ತಕದಲ್ಲಿ ಕುದುರೆ, ಹಂದಿ, ಗೋಧಿಯ ಲೆಕ್ಕವೂ ಉಂಟು. ಅಕ್ಷರ ಮುದ್ದಾಗಿದೆ, ಸಾಲುಗಳು ನೇರವಾಗಿವೆ. ಬೈಗುಳವಿಲ್ಲ, ಕೋಪವಿಲ್ಲ. ಓದುತ್ತ ಹೋದಂತೆ ಈ ಅಚ್ಚುಕಟ್ಟುತನವೇ ಹೆದರಿಸತೊಡಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 1794ರಲ್ಲಿ ಜೆಫರ್ಸನ್ ಮನೆಯ ಪಕ್ಕದ ಮಲ್ಬೆರಿ ರೋ ಎಂಬ ಸಾಲಿನಲ್ಲಿ ಮೊಳೆ ಮಾಡುವ ಕುಲುಮೆ ಹಾಕಿದ. ಅಲ್ಲಿ ಕೆಲಸಕ್ಕೆ ನಿಲ್ಲಿಸಿದ್ದು ಬಹುಮಟ್ಟಿಗೆ ಹತ್ತರಿಂದ ಹದಿನಾರು ವರ್ಷದ ಹುಡುಗರನ್ನು. ಒಬ್ಬೊಬ್ಬನಿಗೆ ಎಷ್ಟು ತೂಕ ಕಬ್ಬಿಣ ಕೊಟ್ಟಿತು, ಎಷ್ಟು ತೂಕ ಮೊಳೆ ಬಂತು, ಎಷ್ಟು ಪೋಲಾಯಿತು ಎಂಬುದನ್ನು ಒಡೆಯನೇ ತೂಗಿ ಬರೆಯುತ್ತಿದ್ದ. ಅವರ ಜೊತೆಯಲ್ಲಿದ್ದ ಐಸಾಕ್ ಗ್ರೇಂಜರ್ ಎಂಬ ಇಪ್ಪತ್ತರ ಯುವಕ 1796ರ ಮೊದಲ ಮೂರು ತಿಂಗಳಲ್ಲಿ 47 ದಿನ ದುಡಿದು 507 ಪೌಂಡು ಮೊಳೆ ಮಾಡಿದ. ಎಲ್ಲರಿಗಿಂತ ಕಡಿಮೆ ಕಬ್ಬಿಣ ಪೋಲುಮಾಡಿದ. ದಿನಕ್ಕೆ 85 ಸೆಂಟಿನಷ್ಟು ಸಂಪಾದಿಸಿದ. ಸಂಪಾದನೆ ಯಾರಿಗೆ ಸಂದಿತೆಂದು ಹೇಳಬೇಕಾಗಿಲ್ಲ.

ಇದೇ ಐಸಾಕ್ 1847ರಲ್ಲಿ, ಪೀಟರ್ಸ್‌ಬರ್ಗ್ ಎಂಬ ಊರಿನಲ್ಲಿ ಮುದಿ ಕಮ್ಮಾರನಾಗಿದ್ದಾಗ, ಚಾರ್ಲ್ಸ್ ಕ್ಯಾಂಬೆಲ್ ಎಂಬ ಇತಿಹಾಸಕಾರನಿಗೆ ತನ್ನ ನೆನಪುಗಳನ್ನು ಹೇಳಿದ. ಕುಲುಮೆಯ ಮಾತು ಅಲ್ಲಿಯೂ ಬರುತ್ತದೆ. ಆದರೆ ಆತನಿಗೆ ನೆನಪಿರುವುದು ಪೌಂಡುಗಳಲ್ಲ. ವಾರಕ್ಕೆ ಎಷ್ಟು ಮಾಂಸ, ಎಷ್ಟು ಮೀನು, ಎಷ್ಟು ಕಾಕಂಬಿ ಕೊಡುತ್ತಿದ್ದರು. ಚೆನ್ನಾಗಿ ಕೆಲಸ ಮಾಡಿದವರಿಗೆ ಕೆಂಪು ಇಲ್ಲವೆ ನೀಲಿ ಬಣ್ಣದ ಉಡುಪು ಸಿಗುತ್ತಿತ್ತು. ಹುಡುಗರಿಗೆ ಅದರಿಂದ ಎಷ್ಟು ಹುರುಪು ಬರುತ್ತಿತ್ತು. ಇಡೀ ದಿನ ಬೆಂಕಿಯ ಮುಂದೆ ನಿಂತು ಸುತ್ತಿಗೆ ಹೊಡೆಯುವ ಹುಡುಗನ ಕಣ್ಣಿನಲ್ಲಿ ಕೆಂಪು ಅಂಗಿಯ ಬೆಲೆ ಎಷ್ಟೆಂದು ಯಾವ ಲೆಕ್ಕವೂ ಹೇಳಲಾರದು. ಆತ ಒಡೆಯನನ್ನು ಹಳಿಯುವುದೂ ಇಲ್ಲ. ನೆಟ್ಟಗೆ ನಿಲ್ಲುತ್ತಿದ್ದ, ಸದಾ ಹಾಡಿಕೊಳ್ಳುತ್ತಿದ್ದ ಎತ್ತರದ ಮನುಷ್ಯನೆಂದು ವರ್ಣಿಸುತ್ತಾನೆ. ನಮ್ಮ ಸಿಟ್ಟಿಗೆ ಆತ ಸಾಕ್ಷಿ ನುಡಿಯುವುದಿಲ್ಲ ಎಂಬುದಕ್ಕಾಗಿಯೇ ಆತನ ಮಾತು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ.

ಹಾಗಾದರೆ ಹೊಡೆತಗಳಿರಲಿಲ್ಲವೇ? ಇದ್ದವು. 1801ರಲ್ಲಿ ಅಳಿಯ ರ‍್ಯಾಂಡಲ್ಫ್ ಬರೆದ ಕಾಗದವೊಂದರಲ್ಲಿ ಕುಲುಮೆ ಚೆನ್ನಾಗಿ ನಡೆಯುತ್ತಿದೆಯೆಂಬ ಸುದ್ದಿಯ ಜೊತೆಗೆ ಚಿಕ್ಕ ಹುಡುಗರಿಗೆ ಚಾಟಿ ಬೀಳುತ್ತಿದೆಯೆಂಬ ಸುದ್ದಿಯೂ ಇತ್ತು. 1953ರ ಆವೃತ್ತಿಯಲ್ಲಿ ಬೆಟ್ಸ್ ಆ ಮಾತನ್ನು ಬಿಟ್ಟರು. ಅರ್ಧ ಶತಮಾನದ ಬಳಿಕ ಇಡೀ ಕಾಗದ ಅಚ್ಚಾದಾಗಲೇ ಅದು ಓದುಗರ ಕಣ್ಣಿಗೆ ಬಿದ್ದುದು. ಬರೆದಿಟ್ಟದ್ದು ಅಳಿಯುವುದಿಲ್ಲ ಎನ್ನುತ್ತೇವೆ. ಆದರೆ ಬರೆದದ್ದರಲ್ಲಿ ಯಾವುದನ್ನು ಅಚ್ಚುಹಾಕಬೇಕೆಂದು ಆರಿಸುವವರೂ ಮನುಷ್ಯರೇ.

ಈಗ ಪ್ರಶ್ನೆಯ ತಿರುಳಿಗೆ ಬರೋಣ. ಜಾನ್ ವೇಲ್ಸನಿಗೆ ತನ್ನ ಗುಲಾಮಳಾದ ಎಲಿಜಬೆತ್ ಹೆಮಿಂಗ್ಸ್‌ಳಲ್ಲಿ ಆರು ಮಕ್ಕಳಾದರು. ಅವರಲ್ಲಿ ಕಿರಿಯಳು 1773ರಲ್ಲಿ ಹುಟ್ಟಿದ ಸ್ಯಾಲಿ. ಎಂದರೆ ಜೆಫರ್ಸನ್ನನ ಹೆಂಡತಿಗೆ ಆಕೆ ತಂದೆಯ ಕಡೆಯಿಂದ ತಂಗಿ. ಹೆಂಡತಿ 1782ರಲ್ಲಿ ತೀರಿಕೊಂಡಳು. ಜೆಫರ್ಸನ್ ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿದ್ದಾಗ, 1787ರಲ್ಲಿ, ಆತನ ಮಗಳ ಜೊತೆಗೆ ಹದಿನಾಲ್ಕು ವರ್ಷದ ಸ್ಯಾಲಿಯೂ ಅಲ್ಲಿಗೆ ಹೋದಳು. ಆಕೆಯ ಅಣ್ಣ ಜೇಮ್ಸ್ ಆಗಲೇ ಅಲ್ಲಿ ಫ್ರೆಂಚ್ ಅಡಿಗೆ ಕಲಿಯುತ್ತಿದ್ದ. 1789ರಲ್ಲಿ ಎಲ್ಲರೂ ಹಿಂದಿರುಗಿದರು. ಮುಂದೆ ಸ್ಯಾಲಿಗೆ ಹುಟ್ಟಿದ ಮಕ್ಕಳಲ್ಲಿ ನಾಲ್ವರು ಉಳಿದರು: ಬೆವರ್ಲಿ, ಹ್ಯಾರಿಯಟ್, ಮ್ಯಾಡಿಸನ್, ಈಸ್ಟನ್. ಫಾರ್ಮ್ ಬುಕ್ಕಿನಲ್ಲಿ ಸ್ಯಾಲಿಯ ಹೆಸರಿನ ಕೆಳಗೆ ಇವರ ಹೆಸರುಗಳಿವೆ, ಹುಟ್ಟಿದ ವರ್ಷಗಳಿವೆ. ತಂದೆಯ ಹೆಸರಿಲ್ಲ. ಬೇರೆಯವರಿಗೆ ಅಳೆದಂತೆ ಇವರಿಗೂ ಬಟ್ಟೆ ಅಳೆದಿದೆ.

ಅದೇ ಪುಸ್ತಕದಲ್ಲಿ ಬೆವರ್ಲಿ ಮತ್ತು ಹ್ಯಾರಿಯಟ್ ಇವರ ಹೆಸರಿನ ಬಳಿ ‘ಓಡಿಹೋದರು’ ಎಂಬ ಅರ್ಥದ ಒಂದು ಚಿಕ್ಕ ಇಂಗ್ಲಿಷ್ ಪದವೂ 22 ಎಂಬ ಅಂಕಿಯೂ ಇವೆ. 1822ರಲ್ಲಿ ತಪ್ಪಿಸಿಕೊಂಡು ಹೋದರು ಎಂದು ತಾತ್ಪರ್ಯ. ಲೆಕ್ಕವನ್ನಷ್ಟೇ ನಂಬುವವನು ಹಾಗೆಂದೇ ತಿಳಿದುಕೊಳ್ಳಬೇಕು. ಆದರೆ ಓಡಿಹೋದ ಗುಲಾಮರನ್ನು ಒಡೆಯರು ಸುಮ್ಮನೆ ಬಿಡುತ್ತಿರಲಿಲ್ಲ. ಕುಲುಮೆಯ ಜೇಮ್ಸ್ ಹಬ್ಬರ್ಡ್ ಓಡಿಹೋದಾಗ ಇದೇ ಜೆಫರ್ಸನ್ ಹಿಡಿಸಿ ತರಿಸಿ, ಹಳೆಯ ಜೊತೆಗಾರರ ಎದುರಿನಲ್ಲೇ ಚಾಟಿಯಿಂದ ಹೊಡೆಸಿದ್ದ. ಬೆವರ್ಲಿ, ಹ್ಯಾರಿಯಟ್ ಇವರನ್ನು ಹುಡುಕಲು ಯಾರೂ ಹೋಗಲಿಲ್ಲ. ತೋಟದ ಮೇಲ್ವಿಚಾರಕನಾಗಿದ್ದ ಎಡ್ಮಂಡ್ ಬೇಕನ್ ಮುಂದೆ ಹೇಳಿದ ಪ್ರಕಾರ, ಜೆಫರ್ಸನ್ನನ ಅಪ್ಪಣೆಯಂತೆ ಆತನೇ ಹ್ಯಾರಿಯಟ್‌ಳ ಕೈಗೆ ಐವತ್ತು ಡಾಲರ್ ಕೊಟ್ಟು, ಫಿಲಡೆಲ್ಫಿಯಾಕ್ಕೆ ಹೋಗುವ ಕುದುರೆ ಬಂಡಿಯ ಬಾಡಿಗೆಯನ್ನೂ ಕೊಟ್ಟು ಕಳುಹಿಸಿದ. ಒಡೆಯನೇ ಹಣ ಕೊಟ್ಟು ಕಳುಹಿಸಿದವಳು ಒಡೆಯನ ಪುಸ್ತಕದಲ್ಲಿ ಓಡಿಹೋದವಳು! ಮೊಳೆಯ ತೂಕದಲ್ಲಿ ಒಂದು ಪೌಂಡು ತಪ್ಪದವನು ಮಗಳ ವಿಷಯದಲ್ಲಿ ಒಂದು ಪದದಲ್ಲಿ ಸುಳ್ಳು ಬರೆದ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಈ ಪದ. ಬೇಕನ್ ಮಾತ್ರ ಹ್ಯಾರಿಯಟ್ ಜೆಫರ್ಸನ್ನನ ಮಗಳೆಂಬುದನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ.

ಇದಕ್ಕೆ ಉತ್ತರ ಬಂದದ್ದು ಐವತ್ತೊಂದು ವರ್ಷಗಳ ಮೇಲೆ. 1873ರಲ್ಲಿ ಒಹಾಯೊ ರಾಜ್ಯದ ‘ಪೈಕ್ ಕೌಂಟಿ ರಿಪಬ್ಲಿಕನ್’ ಎಂಬ ಸಣ್ಣ ಪತ್ರಿಕೆಯಲ್ಲಿ ಮ್ಯಾಡಿಸನ್ ಹೆಮಿಂಗ್ಸ್ ತನ್ನ ಮನೆತನದ ಕಥೆ ಹೇಳಿದ. ಆಗ ಆತನಿಗೆ ಅರವತ್ತೆಂಟು ವರ್ಷ, ಬಡಗಿ, ರೈತ. ಆತ ಕಥೆಯನ್ನು ತನ್ನಿಂದ ಆರಂಭಿಸುವುದಿಲ್ಲ, ಮುತ್ತಜ್ಜಿಯಿಂದ ಆರಂಭಿಸುತ್ತಾನೆ. ಆಕೆ ಆಫ್ರಿಕದವಳು, ಆಕೆಯ ಮಗಳ ತಂದೆ ಹೆಮಿಂಗ್ಸ್ ಎಂಬ ಇಂಗ್ಲಿಷ್ ಹಡಗಿನ ಕಪ್ತಾನ. ತನ್ನ ಮಗುವನ್ನು ಬೆಲೆ ಕೊಟ್ಟು ಬಿಡಿಸಿಕೊಳ್ಳುತ್ತೇನೆಂದು ಆತ ಕೇಳಿದರೂ ಒಡೆಯ ವೇಲ್ಸ್ ಕೊಡಲಿಲ್ಲ. ಬಿಳಿ ಕಪ್ಪು ಕೂಡಿ ಹುಟ್ಟಿದ ಮಗು ಹೇಗೆ ಬೆಳೆಯುತ್ತದೆ ನೋಡಬೇಕೆಂಬ ಕುತೂಹಲವಂತೆ. ಅಲ್ಲಿಂದ ಪ್ಯಾರಿಸ್ಸಿಗೆ. ಫ್ರಾನ್ಸಿನ ನೆಲದಲ್ಲಿ ಸ್ಯಾಲಿ ತನ್ನ ಬಿಡುಗಡೆಯನ್ನು ಕೇಳಬಹುದಾಗಿತ್ತು. ಬಸುರಿಯಾಗಿದ್ದ ಆಕೆ ಹಿಂದಿರುಗಲು ಒಪ್ಪಲಿಲ್ಲ. ಹುಟ್ಟುವ ಮಕ್ಕಳಿಗೆ ಇಪ್ಪತ್ತೊಂದು ತುಂಬಿದಾಗ ಬಿಡುಗಡೆ ಕೊಡುತ್ತೇನೆಂದು ಜೆಫರ್ಸನ್ ಮಾತು ಕೊಟ್ಟ ಮೇಲೆ ಬಂದಳು. ಆತ ಮಾತು ಉಳಿಸಿಕೊಂಡ ಎಂದೂ ಮ್ಯಾಡಿಸನ್ ಹೇಳುತ್ತಾನೆ. ದೊಡ್ಡವರಿಬ್ಬರು 1822ರಲ್ಲಿ ಹೋದರು. ಚಿಕ್ಕವರಿಬ್ಬರಿಗೆ 1826ರ ಮರಣಶಾಸನದಲ್ಲಿ ಬಿಡುಗಡೆ ಬರೆದಿತ್ತು.

ಹೀಗೆ ಹೇಳಿ, ತನ್ನ ತಂದೆ ತಮ್ಮನ್ನು ಮುದ್ದಿಸಿದವನಲ್ಲ, ಬಿಳಿಯ ಮೊಮ್ಮಕ್ಕಳ ಮೇಲೆ ಆತನಿಗಿದ್ದ ಅಕ್ಕರೆ ತಮಗೆ ಸಿಗಲಿಲ್ಲ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಾನೆ. ಅಕ್ಷರ ಕಲಿತದ್ದು ಆ ಮೊಮ್ಮಕ್ಕಳಿಂದಲೇ ಎಂದೂ ಹೇಳುತ್ತಾನೆ. ಅಳುವಿಲ್ಲ, ದೂರಿಲ್ಲ. ದುಃಖವನ್ನು ಇಷ್ಟು ಮಿತವಾಗಿ ಹೇಳಿದ ಬರಹಗಳನ್ನು ನಾನು ಹೆಚ್ಚು ಓದಿಲ್ಲ.

ಆದರೂ ಒಂದು ಎಚ್ಚರಿಕೆ ಬೇಕು. ಐಸಾಕ್ ಆಗಲಿ ಮ್ಯಾಡಿಸನ್ ಆಗಲಿ ಈ ನೆನಪುಗಳನ್ನು ತಾವೇ ಬರೆದು ಕೊಟ್ಟವರಲ್ಲ. ಹೇಳಿದರು, ಬಿಳಿಯರು ಬರೆದುಕೊಂಡರು. ಕ್ಯಾಂಬೆಲ್ ಐಸಾಕನ ಉಚ್ಚಾರವನ್ನು ಕಾಗುಣಿತ ಕೆಡಿಸಿ ಬರೆದ. ಮ್ಯಾಡಿಸನ್ನನ ಮಾತನ್ನು ಪತ್ರಿಕೆಯ ಸಂಪಾದಕ ತನ್ನ ನಯವಾದ ಇಂಗ್ಲಿಷಿಗೆ ತಿರುಗಿಸಿದಂತೆ ಕಾಣುತ್ತದೆ. ಒಬ್ಬ ಇದ್ದುದಕ್ಕಿಂತ ಒರಟಾಗಿ, ಇನ್ನೊಬ್ಬ ಇದ್ದುದಕ್ಕಿಂತ ನುಣುಪಾಗಿ ಕೇಳಿಸುತ್ತಾರೆ. ದನಿ ಅವರದು, ಲೇಖನಿ ಬೇರೆಯವರದು.

ಚರಿತ್ರಕಾರರ ಆಕ್ಷೇಪ ಮಾತ್ರ ಇದಕ್ಕಿಂತ ದೊಡ್ಡದಾಗಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಮ್ಯಾಡಿಸನ್ನನ ಮಾತನ್ನು ಕೇಳಿಕೆಯ ಮಾತೆಂದು ಬದಿಗೆ ಸರಿಸಿದರು. ಜೆಫರ್ಸನ್ನನ ಜೀವನವನ್ನು ಆರು ಸಂಪುಟಗಳಲ್ಲಿ ಬರೆದ ಡ್ಯೂಮಾಸ್ ಮಲೋನ್ ಅವರೂ ಒಪ್ಪಲಿಲ್ಲ. 1974ರಲ್ಲಿ ಫಾನ್ ಬ್ರೋಡಿ ಎಂಬ ಲೇಖಕಿ ಆ ನೆನಪನ್ನು ತಮ್ಮ ಪುಸ್ತಕದ ಕೊನೆಗೆ ಅಚ್ಚುಹಾಕಿ, ನಂಬಬಹುದು ಎಂದಾಗ ಪಂಡಿತರು ಆಕೆಯ ಮೇಲೆ ಬಿದ್ದರು. ಅವರು ನಂಬುತ್ತಿದ್ದುದು ಜೆಫರ್ಸನ್ನನ ಬಿಳಿಯ ಮೊಮ್ಮಕ್ಕಳ ಮಾತನ್ನು. ಸ್ಯಾಲಿಯ ಮಕ್ಕಳ ತಂದೆ ಜೆಫರ್ಸನ್ನನ ಸೋದರಳಿಯ ಪೀಟರ್ ಕಾರ್ ಎಂದು ಮೊಮ್ಮಗ. ಅಲ್ಲ, ಸ್ಯಾಮ್ಯುಯೆಲ್ ಕಾರ್ ಎಂದು ಮೊಮ್ಮಗಳು. ಇಬ್ಬರ ಮಾತಿಗೂ ತಾಳೆಯಿಲ್ಲ. ಅದೂ ಮನೆಯೊಳಗಿನ ಕೇಳಿಕೆಯೇ. ಆದರೂ ಅದು ಸಾಕ್ಷ್ಯವಾಯಿತು, ಮ್ಯಾಡಿಸನ್ನನದು ಹರಟೆಯಾಯಿತು.

ಈ ಅನ್ಯಾಯವನ್ನು ಬಯಲಿಗೆಳೆದವರು ಆನೆಟ್ ಗಾರ್ಡನ್-ರೀಡ್. ಕಾನೂನು ಪ್ರಾಧ್ಯಾಪಕಿಯಾದ ಅವರು 1997ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ, ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಪರೀಕ್ಷಿಸುವಂತೆ ಎರಡೂ ಕಡೆಯ ಮಾತನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಮರುವರ್ಷವೇ ರಕ್ತಪರೀಕ್ಷೆಯ ಫಲ ಬಂತು. ಈಸ್ಟನ್ನನ ವಂಶದ ಗಂಡುಸಂತತಿಯ ಡಿ.ಎನ್.ಎ. ಜೆಫರ್ಸನ್ ಮನೆತನದ್ದಕ್ಕೆ ಹೊಂದಿತು; ಕಾರ್ ಮನೆತನದ್ದಕ್ಕೆ ಹೊಂದಲಿಲ್ಲ. ಆ ಪರೀಕ್ಷೆ ತಾನೊಂದೇ ಜೆಫರ್ಸನ್ನನ ಹೆಸರು ಹೇಳಲಾರದು. ಆದರೆ ಉಳಿದ ಸಂಗತಿಗಳ ಜೊತೆಗಿಟ್ಟು ನೋಡಿ, ಮಾಂಟಿಚೆಲೊವನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ 2000ದಲ್ಲಿ ಮ್ಯಾಡಿಸನ್ನನ ಮಾತಿನ ಕಡೆಗೆ ತೀರ್ಪು ಕೊಟ್ಟಿತು. ಸ್ವಾರಸ್ಯವೇನೆಂದರೆ, 1870ರ ಜನಗಣತಿಯವನು ಮ್ಯಾಡಿಸನ್ನನ ಹೆಸರಿನ ಪಕ್ಕದಲ್ಲಿ ಈತ ಥಾಮಸ್ ಜೆಫರ್ಸನ್ನನ ಮಗನೆಂದು ಆಗಲೇ ಬರೆದುಬಿಟ್ಟಿದ್ದ. ಕಾಗದವೇ ಬೇಕೆಂದವರಿಗೆ ಕಾಗದವೂ ಇತ್ತು.

ಗಾರ್ಡನ್-ರೀಡ್ ಅವರ ದೊಡ್ಡ ಗ್ರಂಥ ‘ದಿ ಹೆಮಿಂಗ್ಸಸ್ ಆಫ್ ಮಾಂಟಿಚೆಲೊ’ 2008ರಲ್ಲಿ ಬಂದು, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಜೆಫರ್ಸನ್ನನ ಕಥೆಯಲ್ಲಿ ಅಡಿಟಿಪ್ಪಣಿಯಾಗಿದ್ದ ಒಂದು ಕುಟುಂಬವನ್ನು ಅದರ ಹೆಸರಿನಲ್ಲೇ ನಿಲ್ಲಿಸಿದ್ದು ಅದರ ಹೆಚ್ಚಳ. ಮೆಚ್ಚಿದ ಮೇಲೆ ಎರಡು ಕೊರತೆಗಳನ್ನೂ ಹೇಳಬೇಕು. ಸ್ಯಾಲಿ ಬರೆದ ಒಂದು ಸಾಲಿಲ್ಲ, ಆಕೆಯ ಒಂದು ಚಿತ್ರವಿಲ್ಲ. ಆ ಬರಿದನ್ನು ಲೇಖಕಿ ‘ಹೀಗೆನಿಸಿರಬೇಕು’, ‘ಹೀಗೆ ಯೋಚಿಸಿರಬಹುದು’ ಎಂಬ ಊಹೆಗಳಿಂದ ಪುಟಗಟ್ಟಲೆ ತುಂಬುತ್ತಾರೆ. ಆಕೆಗೆ ಪ್ಯಾರಿಸ್ಸಿನಲ್ಲಿ ಸ್ವಂತ ಬುದ್ಧಿಯಿತ್ತು, ಲೆಕ್ಕಾಚಾರವಿತ್ತು ಎಂದು ತೋರಿಸುವುದು ಸರಿಯೇ. ಆದರೆ ಒಡೆಯನಿಗೆ ನಲವತ್ತು ದಾಟಿತ್ತು, ಆಕೆ ಇನ್ನೂ ಹುಡುಗಿ. ಬೇಡವೆನ್ನುವ ಹಕ್ಕನ್ನು ವರ್ಜೀನಿಯಾದ ಕಾನೂನು ಆಕೆಗೆ ಕೊಟ್ಟಿರಲಿಲ್ಲ. ಅಂಥಲ್ಲಿ ಒಲವಿನ ಸಾಧ್ಯತೆಯ ಚರ್ಚೆ ಅಷ್ಟು ದೂರ ಬೆಳೆಯಬಾರದಿತ್ತು ಎಂದು ನನಗನಿಸುತ್ತದೆ. ಆಕೆಯ ಮೌನವನ್ನು ಮೌನವಾಗಿಯೇ ಬಿಟ್ಟಿದ್ದರೆ ಪುಸ್ತಕ ಇನ್ನೂ ಗಟ್ಟಿಯಾಗುತ್ತಿತ್ತು.

ಎರಡನೆಯದು: ಹೆಮಿಂಗ್ಸ್ ಮನೆತನದವರು ಮನೆಯೊಳಗಿನ ಆಳುಗಳು, ಕುಶಲಕರ್ಮಿಗಳು. ಜೆಫರ್ಸನ್ ಬದುಕಿರುವಾಗ ಬಿಡುಗಡೆ ಮಾಡಿದ್ದು ಇಬ್ಬರನ್ನು, ಮರಣಶಾಸನದಲ್ಲಿ ಐವರನ್ನು. ಏಳು ಜನರೂ ಇದೇ ಮನೆತನದವರು. ಗುಡ್ಡದ ಕೆಳಗಿನ ಹೊಲಗಳಲ್ಲಿ ದುಡಿದ ನೂರಾರು ಜನ ಫಾರ್ಮ್ ಬುಕ್ಕಿನ ಪಟ್ಟಿಯಲ್ಲಿ ಬರಿಯ ಹೆಸರಾಗಿಯೇ ಉಳಿದಿದ್ದಾರೆ. ಅವರ ಕಡೆಗೆ ತಿರುಗಬೇಕಾದವರು ಲೂಸಿಯಾ ಸ್ಟ್ಯಾಂಟನ್ ಅವರ ಲೇಖನಗಳನ್ನು ಓದಬೇಕು. 2012ರಲ್ಲಿ ಅವು ಒಂದೆಡೆ ಪುಸ್ತಕವಾಗಿವೆ. 1993ರಿಂದ ಅವರೂ ಅವರ ಜೊತೆಗಾರರೂ ಮಾಂಟಿಚೆಲೊದ ಗುಲಾಮರ ವಂಶಜರನ್ನು ಊರೂರಿನಲ್ಲಿ ಹುಡುಕಿ, ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಮಾತುಗಳನ್ನು ಸಂಗ್ರಹಿಸಿದರು. ಲೆಕ್ಕದ ಪುಸ್ತಕ ನಿಂತ ಕಡೆಯಿಂದ ಈ ಮಾತುಗಳು ಮುಂದುವರಿಯುತ್ತವೆ.

ಲೆಕ್ಕ ನಿಂತದ್ದಾದರೂ ಹೇಗೆ? ಜೆಫರ್ಸನ್ 1826ರ ಜುಲೈ 4ರಂದು ತೀರಿಕೊಂಡಾಗ ಒಂದು ಲಕ್ಷ ಡಾಲರಿಗೂ ಮೀರಿದ ಸಾಲವಿತ್ತು. 1827ರ ಜನವರಿಯಲ್ಲಿ ಮನೆಯ ಸಾಮಾನುಗಳ ಜೊತೆಗೆ 130 ಜನರನ್ನು ಹರಾಜಿಗಿಟ್ಟರು. ಕಮ್ಮಾರ ಜೋಸೆಫ್ ಫಾಸೆಟ್ಟನಿಗೆ ಮರಣಶಾಸನದಲ್ಲಿ ಬಿಡುಗಡೆಯಿತ್ತು. ಹೆಂಡತಿ ಈಡಿತ್‌ಗೂ ಮಕ್ಕಳಿಗೂ ಇರಲಿಲ್ಲ. ಅಧ್ಯಕ್ಷರ ಭವನದಲ್ಲಿ ವರ್ಷಗಟ್ಟಲೆ ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸಿದವಳು ಆ ಈಡಿತ್. ಮಗ ಪೀಟರ್‌ಗೆ ಆಗ ಹನ್ನೊಂದು ವರ್ಷ. ತನ್ನನ್ನು ಹರಾಜಿನ ಕಟ್ಟೆಯ ಮೇಲೆ ನಿಲ್ಲಿಸಿ ಮಾರಿದ ಆ ದಿನವನ್ನು ಆತ 1898ರಲ್ಲಿ, ಹೆಸರಾದ ಪಾದ್ರಿಯಾದ ಮೇಲೆ, ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಹೇಳಿದ. ಅಪ್ಪ ಅಮ್ಮನ ಬಳಿಗೆ ಆತ ಬಿಡುಗಡೆಯಾಗಿ ಬಂದು ಸೇರಿದ್ದು ಸುಮಾರು 1850ರಲ್ಲಿ. ಇಪ್ಪತ್ತಮೂರು ವರ್ಷ ನಡುವೆ ಕಳೆದಿತ್ತು.

ಮ್ಯಾಡಿಸನ್ ಮಾತನಾಡಿದ ಅದೇ 1873ರಲ್ಲಿ ನಮ್ಮ ಪುಣೆಯಲ್ಲಿ ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು ಪ್ರಕಟಿಸಿ, ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅವರಿಗೆ ಇವನ ಸುದ್ದಿ ತಿಳಿಯುವಂತಿರಲಿಲ್ಲ. ಆದರೆ ಶತಮಾನಗಳ ಬರಹ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಒಂದೇ ವರ್ಷ ಇಬ್ಬರೂ ಎತ್ತಿದ್ದರು. ಮುಂಬಯಿ, ಪುಣೆಗಳಲ್ಲಿ ಬಾಳುತ್ತಿರುವ ನಾವು ಇದನ್ನು ದೂರದ ದೇಶದ ಕಥೆಯೆಂದು ಮಡಿಸಿಡುವಂತಿಲ್ಲ.

ಹ್ಯಾರಿಯಟ್ ಏನಾದಳು? ಮೈಬಣ್ಣ ತಿಳಿಯಾಗಿದ್ದುದರಿಂದ ವಾಷಿಂಗ್ಟನ್ನಿನಲ್ಲಿ ಬಿಳಿಯಳಾಗಿ ಬಾಳಿದಳು, ಒಳ್ಳೆಯ ಮನೆತನದವನನ್ನು ಮದುವೆಯಾದಳು ಎಂದು ತಮ್ಮ ಹೇಳುತ್ತಾನೆ. ಆತನ ಹೆಸರು ತನಗೆ ಗೊತ್ತು, ಹೇಳುವುದಿಲ್ಲ ಎನ್ನುತ್ತಾನೆ. ಅಕ್ಕನ ಗುಟ್ಟನ್ನು ಆತ ಕೊನೆಯವರೆಗೂ ಬಿಡಲಿಲ್ಲ. ನಾವೂ ಊರು ಬಿಟ್ಟು ಬಂದವರೇ. ಆದರೆ ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತೇವೆ, ಹಬ್ಬಕ್ಕೆ ಊರಿಗೆ ಹೋಗುತ್ತೇವೆ. ಆಕೆ ಬಿಡುಗಡೆಗಾಗಿ ತಾಯಿಯನ್ನೂ ಹೆಸರನ್ನೂ ಒಟ್ಟಿಗೆ ಬಿಡಬೇಕಾಯಿತು. ತಾಯಿ ಸ್ಯಾಲಿ 1835ರಲ್ಲಿ ಚಿಕ್ಕ ಮಕ್ಕಳಿಬ್ಬರ ಬಳಿ ಕಣ್ಣುಮುಚ್ಚಿದಳು.

ಮಕ್ಕಳ ಮನೆಗೆ ಹೋದ ಸದಸ್ಯರು ಮಾಂಟಿಚೆಲೊ ನೋಡುವ ಅವಕಾಶ ಸಿಕ್ಕಿದರೆ ಗುಮ್ಮಟದ ಮನೆಯಿಂದಲೇ ಹಿಂದಿರುಗಬೇಡಿ. ಮಲ್ಬೆರಿ ರೋ ಸಾಲನ್ನು ನಡೆದು ನೋಡಿ. ಸ್ಯಾಲಿಯ ಬಾಳನ್ನು ಕುರಿತು 2018ರಲ್ಲಿ ಮನೆಯ ದಕ್ಷಿಣದ ಸಾಲಿನಲ್ಲಿ ತೆರೆದ ಕೋಣೆಯನ್ನೂ ನೋಡಿ. ಹೋಗಲಾಗದವರಿಗೆ ಮ್ಯಾಡಿಸನ್ನನ ನೆನಪಿದೆ; ಕೆಲವೇ ಪುಟ, ಒಂದು ಸಂಜೆಗೆ ಮುಗಿಯುತ್ತದೆ. ನಮ್ಮ ತರುಣರಲ್ಲಿ ಯಾರಾದರೂ ಅದನ್ನು ಕನ್ನಡಕ್ಕೆ ತಂದರೆ ಈ ಪತ್ರಿಕೆಯ ಎರಡು ಸಂಚಿಕೆಗಳಲ್ಲಿ ಹಿಡಿಸೀತು. ಸಂಪಾದಕರು ಸ್ಥಳ ಕೊಡುತ್ತಾರೆಂದು ನಂಬಿದ್ದೇನೆ.